ಕೇಳದೆ ಬದಲಾಯಿಸಿದ ದನಿ

‘ಹೊಸ ಓಎಸ್ ಹಾಕಿದ್ಮೇಲೆ ಸೌಂಡ್ ಎಷ್ಟು ಕ್ಲಿಯರ್ ಆಗಿದೆ ಗೊತ್ತಾ ಮಗಾ? ಮೊದಲು ಕೇಳದೇ ಇದ್ದ ವಾದ್ಯ ಎಲ್ಲ ಕೇಳ್ತಿದೆ!’ ಇದು ಬೆಂಗಳೂರಿನ ಆಫೀಸ್ ಕ್ಯಾಂಟೀನಿನ ಮಾತು. ‘ಅದೇನೋ ಅಪ್‌ಡೇಟ್ ಆದ್ಮೇಲೆ ಹಾಡೆಲ್ಲ ತಗಡು ಬಡಿದಂಗೆ ಕೇಳ್ತದೆ ಕಣೋ.’ ಇದು ಶಿಕಾರಿಪುರದಿಂದ ನಮ್ಮ ಸೋದರಮಾವ ಫೋನ್ ಮಾಡಿ ಹೇಳುವ ಮಾತು. ಒಂದು ಹೊಗಳಿಕೆ, ಇನ್ನೊಂದು ಬೈಗುಳ. ಎರಡೂ ಹೋಗಿ ಮುಟ್ಟುವುದು ಒಂದೇ ವಿಳಾಸಕ್ಕೆ: ಆಪರೇಟಿಂಗ್ ಸಿಸ್ಟಮ್.

ನನ್ನ ವಾದ ಇಷ್ಟೇ. ಆ ಹೊಗಳಿಕೆ ಅದಕ್ಕೆ ಸಲ್ಲತಕ್ಕದ್ದಲ್ಲ. ಬೈಗುಳ ಖಂಡಿತ ಸಲ್ಲಬೇಕು, ಆದರೆ ನಾವು ಬೈಯುತ್ತಿರುವ ಕಾರಣಕ್ಕಲ್ಲ. ಅಪ್‌ಗ್ರೇಡ್ ಹಾಡನ್ನು ಮುಟ್ಟುವುದಿಲ್ಲ. ಹಾಡು ಹಾದು ಬರುವ ದಾರಿಯನ್ನು ಮುಟ್ಟುತ್ತದೆ, ಅದೂ ನಮಗೆ ಒಂದು ಮಾತು ಹೇಳದೆ.

ಮೊದಲು ಕ್ಯಾಂಟೀನಿನ ಗೆಳೆಯನನ್ನು ವಿಚಾರಿಸಿಕೊಳ್ಳೋಣ. ಸಿಡಿಯಲ್ಲಿರುವ ಹಾಡು ಅಂದರೆ ಸೆಕೆಂಡಿಗೆ 44,100 ಸಂಖ್ಯೆಗಳು, ಒಂದೊಂದೂ 16 ಬಿಟ್‌ನದು, ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು. ನೀವು ಯಾವ ಓಎಸ್ ಹಾಕಿದರೂ ಫೈಲಿನೊಳಗಿನ ಆ ಸಂಖ್ಯೆಗಳು ಹಾಗೇ ಇರುತ್ತವೆ. ಹೊಸ ಓಎಸ್ ಬಂದ ಕೂಡಲೇ ಅದಕ್ಕೆ ‘ವಾರ್ಮ್ತ್’ ಬಂತು, ‘ಏರ್’ ಬಂತು ಅನ್ನುವುದು, ಬೀರು ಬದಲಾಯಿಸಿದ್ದಕ್ಕೆ ಒಳಗಿದ್ದ ಸೀರೆಯ ಬಣ್ಣ ಹೊಳೆಯಿತು ಅಂದ ಹಾಗೆ.

ಹಾಗಾದರೆ ಅವನಿಗೆ ಕೇಳಿದ್ದೇನು? ಬಹಳ ಸಲ ಅದು ಬರೀ ವಾಲ್ಯೂಮ್. ಎರಡು ಸದ್ದುಗಳಲ್ಲಿ ಒಂದು ಚೂರೇ ಚೂರು ಜೋರಾಗಿದ್ದರೂ ನಮ್ಮ ಕಿವಿ ಅದನ್ನು ‘ಜೋರು’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ. ಸ್ಪೀಕರ್ ಮಾರುವವರಿಗೆಲ್ಲ ಗೊತ್ತಿರುವ ಗುಟ್ಟು ಇದು. ನಂಬಿಕೆ ಬರದಿದ್ದರೆ ಪರೀಕ್ಷೆ ಸುಲಭ. ಅದೇ ಹೆಡ್‌ಫೋನ್, ಅದೇ ಹಾಡು, ಅಳತೆ ಮಾಡಿ ಸರಿಹೊಂದಿಸಿದ ಅದೇ ವಾಲ್ಯೂಮ್. ಯಾವ ಯಂತ್ರ ನುಡಿಸುತ್ತಿದೆ ಅಂತ ನಿಮಗೆ ಕಾಣಬಾರದು. ಸ್ನೇಹಿತರೊಬ್ಬರು ಅದಲುಬದಲು ಮಾಡಲಿ, ನೀವು ಇಪ್ಪತ್ತು ಸಲ ಊಹಿಸಿ. ಹತ್ತೋ ಹನ್ನೊಂದೋ ಸರಿಯಾದರೆ ನಾಣ್ಯ ಚಿಮ್ಮಿದ್ದಕ್ಕೂ ನಿಮ್ಮ ಕಿವಿಗೂ ವ್ಯತ್ಯಾಸ ಇಲ್ಲ ಅಂತರ್ಥ. ಈ ಪರೀಕ್ಷೆಗೆ ಕೂರದವರ ಜೊತೆ ಸೌಂಡ್ ಬಗ್ಗೆ ವಾದಕ್ಕೆ ಇಳಿಯುವುದನ್ನು ನಾನು ಬಿಟ್ಟು ಬಹಳ ದಿನ ಆಯ್ತು.

ಇನ್ನು ಶಿಕಾರಿಪುರದ ದೂರು. ಇದನ್ನು ಭ್ರಮೆ ಅಂತ ತಳ್ಳಿಹಾಕುವುದು ಸುಲಭ, ನಮ್ಮ ಐಟಿ ಮಂದಿ ಮಾಡುವುದೂ ಅದನ್ನೇ. ‘ಮಾವ, ರೀಸ್ಟಾರ್ಟ್ ಮಾಡಿ ನೋಡಿ’ ಅಂದುಬಿಟ್ಟರೆ ಮುಗೀತು. ಆದರೆ ಮಾವ ಹೇಳಿದ್ದು ನಿಜವಾಗಿತ್ತು. ಅವರ ಲ್ಯಾಪ್‌ಟಾಪಿನಲ್ಲಿ ಡೊಳ್ಳು ಕುಣಿತದ ಹಳೆಯ ವಿಡಿಯೋಗಳಿವೆ. ಲ್ಯಾಪ್‌ಟಾಪಿನ ಉಗುರಗಲದ ಸ್ಪೀಕರಿಗೆ ಡೊಳ್ಳಿನ ತಳದ ಗುಡುಗು ಹೊರಡಿಸುವ ತಾಕತ್ತು ಇಲ್ಲವೇ ಇಲ್ಲ. ಆದ್ದರಿಂದ ತಯಾರಕರು ತಮ್ಮದೇ ಡ್ರೈವರ್ ಜೊತೆ ಒಂದು ಸಂಸ್ಕರಣೆ ಸೇರಿಸಿರುತ್ತಾರೆ. ಸಣ್ಣ ಸ್ಪೀಕರಿನಲ್ಲೂ ತಳದ ಸ್ವರ ಇದೆ ಅನ್ನಿಸುವಂತೆ ಅದು ಸದ್ದನ್ನು ತಿದ್ದುತ್ತದೆ. ಅಪ್‌ಗ್ರೇಡ್ ಆ ಡ್ರೈವರನ್ನು ತೆಗೆದು, ಎಲ್ಲ ಯಂತ್ರಕ್ಕೂ ಆಗುವ ಸಾಮಾನ್ಯ ಡ್ರೈವರ್ ಕೂರಿಸಿತ್ತು. ಡೊಳ್ಳು ಹೋಗಿ ಡಬ್ಬ ಉಳಿಯಿತು. ರಿಪೇರಿ ಅಂಗಡಿಯಲ್ಲಿ ‘ಸ್ಪೀಕರ್ ಹೋಗಿದೆ’ ಅಂದರು, ಮಾವ ದುಡ್ಡು ಕೊಟ್ಟು ಹೊರಗಿನ ಸ್ಪೀಕರ್ ಕೊಂಡರು. ಸರಿಯಾದ ಡ್ರೈವರನ್ನು ಮತ್ತೆ ಹಾಕಿದ್ದರೆ ಹತ್ತು ನಿಮಿಷದ ಕೆಲಸ, ಪುಕ್ಕಟೆ. ‘ನಿಮ್ಮ ಡ್ರೈವರ್ ಬದಲಾಯಿಸಿದ್ದೇವೆ’ ಅಂತ ಪರದೆಯ ಮೇಲೆ ಒಂದೇ ಒಂದು ಸಾಲು ಬಂದಿದ್ದರೆ ಅಂಗಡಿಯ ಹುಡುಗನಿಗೂ ಅದು ತಿಳಿಯುತ್ತಿತ್ತು.

ದಾರಿ ಬದಲಾಗುವುದು ಹೊಸದೇನಲ್ಲ. 2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಾಗ ಅದರ ಧ್ವನಿ ವ್ಯವಸ್ಥೆಯನ್ನೇ ಹೊಸದಾಗಿ ಬರೆದಿದ್ದರು. ಒಂದೊಂದು ತಂತ್ರಾಂಶಕ್ಕೆ ಬೇರೆ ಬೇರೆ ವಾಲ್ಯೂಮ್ ಇಡುವ ಅನುಕೂಲ ಬಂದಿದ್ದು ಆಗ. ಆದರೆ ಡೈರೆಕ್ಟ್‌ಸೌಂಡ್ ಮೂಲಕ ಸೌಂಡ್ ಕಾರ್ಡಿಗೇ ನೇರವಾಗಿ ಕೆಲಸ ಒಪ್ಪಿಸುತ್ತಿದ್ದ ದಾರಿ ಮುಚ್ಚಿತು. ಕಾಸು ಕೊಟ್ಟು ಒಳ್ಳೆಯ ಕಾರ್ಡ್ ಹಾಕಿಸಿಕೊಂಡಿದ್ದ ಗೇಮರ್‌ಗಳಿಗೆ ಹಳೆಯ ಆಟಗಳ ಪ್ರತಿಧ್ವನಿ ಪರಿಣಾಮಗಳೇ ಮಾಯ. ಅದನ್ನು ವಾಪಸ್ ತರಲು ಕ್ರಿಯೇಟಿವ್ ಕಂಪನಿ ಆಲ್ಕೆಮಿ ಅನ್ನೋ ಬೇರೆಯದೇ ತಂತ್ರಾಂಶ ಬಿಡುಗಡೆ ಮಾಡಬೇಕಾಯ್ತು. 2019ರ ಅಕ್ಟೋಬರಿನಲ್ಲಿ ಆಪಲ್‌ನ ಕ್ಯಾಟಲೀನಾ ಬಂದು 32 ಬಿಟ್ ತಂತ್ರಾಂಶಗಳನ್ನು ಕೈಬಿಟ್ಟಾಗ, ‘ಈಗಲೇ ಅಪ್‌ಗ್ರೇಡ್ ಮಾಡಬೇಡಿ’ ಅಂತ ಸಂಗೀತ ತಂತ್ರಾಂಶದ ಕಂಪನಿಗಳೇ ಗ್ರಾಹಕರಿಗೆ ಹೇಳಿದವು. ಸ್ಟುಡಿಯೋದವರಿಗೆ ಹೀಗೆ ಎಚ್ಚರಿಸುವವರು ಇದ್ದಾರೆ. ಶಿಕಾರಿಪುರದ ಮಾವನಿಗೆ ಯಾರಿದ್ದಾರೆ?

ನಿಮ್ಮ ಮೇಜಿನ ಮೇಲಿನ ಉದಾಹರಣೆಯನ್ನೇ ತಗೊಳ್ಳಿ. ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡು ಹಾಡು ಕೇಳ್ತಿರ್ತೀರಿ, ಮೀಟಿಂಗ್ ಶುರುವಾಗ್ತದೆ, ಹಾಡು ತಟ್ಟನೆ ಹಳೇ ಟೆಲಿಫೋನಿನೊಳಗಿಂದ ಬಂದಂತಾಗುತ್ತದೆ. ಹೆಡ್‌ಸೆಟ್ ಕೆಟ್ಟಿಲ್ಲ. ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಮಾತಿಗೆ ಇನ್ನೊಂದು. ಮೈಕ್ ಆನ್ ಆದರೆ ಎರಡನೇ ದಾರಿ. ಅಲ್ಲಿ ಸಾಮಾನ್ಯವಾಗಿ ಸ್ಟೀರಿಯೋ ಇಲ್ಲ, ಸೆಕೆಂಡಿಗೆ 8,000 ಅಥವಾ 16,000 ಸಂಖ್ಯೆಗಳಷ್ಟೇ. ಅಪ್‌ಗ್ರೇಡ್ ಆದಮೇಲೆ ಯಾವುದೋ ತಂತ್ರಾಂಶ ಮೈಕನ್ನು ಸದಾ ಹಿಡಿದುಕೊಂಡು ಕೂತರೆ, ನೀವು ದಿನವಿಡೀ ಆ ಕಿರುದಾರಿಯಲ್ಲೇ ಹಾಡು ಕೇಳುತ್ತೀರಿ. ಆಮೇಲೆ ಹೊಸ ಹೆಡ್‌ಸೆಟ್ ಆರ್ಡರ್ ಮಾಡುತ್ತೀರಿ.

ಇಷ್ಟರವರೆಗೆ ಹೇಳಿದ್ದೆಲ್ಲ ಕೇಳುವ ಕಷ್ಟ. ಇದಕ್ಕೆ ಮದ್ದಿದೆ. ಡ್ರೈವರ್ ಹಾಕಿ, ಸೆಟ್ಟಿಂಗ್ ತಿರುಗಿಸಿ, ಹಾಡು ವಾಪಸ್ ಬರುತ್ತದೆ, ಯಾಕೆಂದರೆ ಫೈಲ್ ಕೆಟ್ಟಿರಲಿಲ್ಲ. ನನ್ನ ನಿಜವಾದ ಸಿಟ್ಟು ರೆಕಾರ್ಡಿಂಗ್ ವಿಷಯದಲ್ಲಿ.

ಸೊರಬ ಸೀಮೆಯಲ್ಲಿ ದೀಪಾವಳಿ ಅಂದರೆ ಅಂಟಿಗೆ-ಪಂಟಿಗೆ. ದೀಪ ಹಿಡಿದು ರಾತ್ರಿಯಿಡೀ ಮನೆಯಿಂದ ಮನೆಗೆ ಹೋಗಿ ಹಾಡುವವರು. ಕೆಲವರು ಹಾಡಿದ್ದನ್ನು ಉಳಿದವರು ಎತ್ತಿಕೊಳ್ಳುತ್ತಾರೆ, ಸಾಲಿನ ಕೊನೆಯನ್ನು ಎಳೆದು ಎಳೆದು ಬಿಡುತ್ತಾರೆ. ಒಂದು ವರ್ಷ ನನ್ನ ಅತ್ತೆಯ ಮಗ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಮೈಕ್ ಸಿಗಿಸಿ, ಪೂರ್ತಿ ಹಾಡು ಹಿಡಿದ. ಹಿಂದಿನ ವರ್ಷವೂ ಅದೇ ಲ್ಯಾಪ್‌ಟಾಪು, ಅದೇ ಮೈಕು, ಚೆನ್ನಾಗೇ ಬಂದಿತ್ತು. ಈ ಸಲ ಕೇಳಿದರೆ ಎಳೆದ ಸ್ವರವೆಲ್ಲ ಅರ್ಧಕ್ಕೇ ಅಡಗಿದೆ, ಹಿಂದಿನಿಂದ ಎತ್ತಿಕೊಂಡವರ ದನಿ ನೀರಿನಡಿಯಿಂದ ಬಂದಂತಿದೆ. ನಡುವೆ ಆಗಿದ್ದು ಒಂದು ಅಪ್‌ಗ್ರೇಡ್. ಮೈಕಿನ ‘ಗದ್ದಲ ಕಡಿಮೆ ಮಾಡು’ ಆಯ್ಕೆ ತಾನಾಗಿಯೇ ಆನ್ ಆಗಿತ್ತು.

ಆ ಆಯ್ಕೆಗೆ ತಿಳಿದಿರುವ ಜಗತ್ತು ಬಹಳ ಚಿಕ್ಕದು. ಒಬ್ಬ ಮನುಷ್ಯ, ಒಂದು ಕೋಣೆ, ಒಂದು ಮೀಟಿಂಗ್. ಮಾತು ನಿಂತು ನಿಂತು ಬರುತ್ತದೆ, ಫ್ಯಾನು ಒಂದೇ ಸಮ ಗುಂಯ್ ಅನ್ನುತ್ತದೆ. ಆದ್ದರಿಂದ ಒಂದೇ ಸಮ ಇರುವುದೆಲ್ಲ ಗದ್ದಲ ಅಂತ ಅದರ ಲೆಕ್ಕ. ತಂಬೂರಿ ಒಂದೇ ಸಮ ಇರುತ್ತದೆ, ಹಾರ್ಮೋನಿಯಮ್ಮಿನ ಶ್ರುತಿ ಒಂದೇ ಸಮ ಇರುತ್ತದೆ, ಎಳೆದ ರಾಗವೂ ಹಾಗೇ. ಎಲ್ಲವೂ ಫ್ಯಾನಿನ ಖಾತೆಗೆ ಜಮಾ. ಕೊರೋನಾ ಕಾಲದಲ್ಲಿ ಆನ್‌ಲೈನಿನಲ್ಲಿ ಸಂಗೀತ ಪಾಠ ಮಾಡಿದ ಮೇಷ್ಟ್ರುಗಳನ್ನು ಕೇಳಿ, ಶ್ರುತಿ ಎಲ್ಲಿಗೆ ಹೋಗುತ್ತಿತ್ತು ಅಂತ. ದೂರದಿಂದ ಬಂದ ದನಿಯೂ ಗದ್ದಲ. ಎತ್ತಿಕೊಳ್ಳುವವರಿಲ್ಲದೆ ಅಂಟಿಗೆ-ಪಂಟಿಗೆ ಎಲ್ಲಿಯ ಹಾಡು?

ಹೀಗೆ ಅಳಿಸಿಹೋದದ್ದು ಯಾವ ಡ್ರೈವರ್ ಹಾಕಿದರೂ ವಾಪಸ್ ಬರುವುದಿಲ್ಲ. ಮುಂದಿನ ದೀಪಾವಳಿಗೆ ಮತ್ತೆ ರೆಕಾರ್ಡ್ ಮಾಡಬಹುದಲ್ಲ ಅಂದಿರಾ? ಆ ಹಾಡುಗಾರರ ಗುಂಪಿನಲ್ಲಿ ಎಪ್ಪತ್ತು ದಾಟಿದವರಿದ್ದರು. ಮುಂದಿನ ವರ್ಷಕ್ಕೆ ಒಬ್ಬರು ಇರಲಿಲ್ಲ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಕಾಲದ ಕಲ್ಲಿನ ಕಂಬವಿದೆ. ಕುಬ್ಜ ಎಂಬ ಕವಿ ಬರೆದ ಶಾಸನ ಅದರ ಮೇಲೆ ಸುಮಾರು ಒಂದೂವರೆ ಸಾವಿರ ವರ್ಷದಿಂದ ಹಾಗೇ ಇದೆ. ಬಳ್ಳಿಗಾವಿಯ ಶಾಸನಗಳೂ ಹಾಗೇ. ರಾಜರಿಗೆ ಬೇಕಾದ್ದು ಕಲ್ಲಿಗೆ ಹೋಯಿತು, ಉಳಿಯಿತು. ಜನರ ಹಾಡಿಗೆ ಕಲ್ಲು ಸಿಗಲಿಲ್ಲ. ಈಗ ಮೊದಲ ಸಲ ಅದನ್ನು ಹಿಡಿದಿಡುವ ಯಂತ್ರ ಹಳ್ಳಿಯ ಜಗಲಿಗೇ ಬಂದಿದೆ ಅನ್ನುವಷ್ಟರಲ್ಲಿ, ಅದೇ ಯಂತ್ರ ‘ಇದು ಗದ್ದಲ’ ಅಂತ ಅರ್ಧ ಒರೆಸಿ ಹಾಕುತ್ತದೆ. ಒರೆಸಿದ್ದೇನೆ ಅಂತ ಹೇಳುವುದೂ ಇಲ್ಲ.

‘ಹಾಗಾದ್ರೆ ಅಪ್‌ಡೇಟೇ ಮಾಡಬಾರದಾ?’ ಅಂತ ಕೇಳುತ್ತೀರಿ. ಮಾಡಬೇಕು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಭದ್ರತೆಯ ತೇಪೆಯಿಲ್ಲದ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡು ಅಂತ ನಾನು ಯಾರಿಗೂ ಹೇಳಲಾರೆ. ಆದರೆ ಬಾಗಿಲ ಬೀಗ ಬದಲಾಯಿಸಲು ಬಂದವನು ಅಡುಗೆಮನೆಯ ಡಬ್ಬಗಳನ್ನೂ ಜಾಗ ಬದಲಾಯಿಸಿ ಹೋದರೆ ಸುಮ್ಮನಿರುತ್ತೀರಾ? ಬೀಗ ಹಾಕಿ, ಡಬ್ಬ ಮುಟ್ಟಬೇಡಿ. ಕೇಳುತ್ತಿರುವುದು ಇಷ್ಟು.

‘ಬಹಳ ಜನಕ್ಕೆ ಬೇಕಾಗಿರೋದು ಮೀಟಿಂಗು, ಅದಕ್ಕೇ ಹಾಗೆ ಇಟ್ಟಿರ್ತಾರೆ’ ಅನ್ನುವುದು ಇನ್ನೊಂದು ವಾದ. ಯಾರು ಆ ಬಹಳ ಜನ? ನಾನು, ನೀವು, ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡದವರು. ನಮ್ಮ ಒಂಬತ್ತು ಗಂಟೆಯ ಸ್ಟ್ಯಾಂಡಪ್ ಕಾಲ್ ಸುಸೂತ್ರ ಆಗಲಿ ಅಂತ ಸೊರಬದ ಜಗಲಿಯ ಹಾಡು ಬಲಿಯಾಗಬೇಕಿಲ್ಲ. ಹೊಸ ಯಂತ್ರದಲ್ಲಿ ಮೊದಲ ಸಲ ಯಾವ ಆಯ್ಕೆ ಬೇಕಾದರೂ ಆನ್ ಇಡಲಿ. ಒಬ್ಬರು ಆಫ್ ಮಾಡಿದ್ದನ್ನು ಅಪ್‌ಗ್ರೇಡ್ ಮತ್ತೆ ಆನ್ ಮಾಡಬಾರದು. ಬದಲಾಯಿಸಲೇಬೇಕಾದರೆ ಏನು ಬದಲಾಯಿತು ಅಂತ ಪಟ್ಟಿ ತೋರಿಸಬೇಕು, ಕನ್ನಡದಲ್ಲಿ, ಒಂದೇ ಗುಂಡಿಯಲ್ಲಿ ಹಿಂದಿನಂತೆ ಮಾಡುವ ಹಾಗೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಇಂಥ ಸೆಟ್ಟಿಂಗ್‌ಗಳ ಕೋಡ್ ಬರೆಯುವವರೇ. ರಿವ್ಯೂನಲ್ಲಿ ಒಂದು ಸಲ ಕೈಯೆತ್ತಿ.

ಕನ್ನಡದಲ್ಲಿ ‘ಕೇಳು’ ಅನ್ನೋ ಒಂದೇ ಮಾತಿಗೆ ಎರಡು ಅರ್ಥ. ಕಿವಿಗೊಡು ಅಂತಲೂ ಹೌದು, ಅಪ್ಪಣೆ ಪಡೆ ಅಂತಲೂ ಹೌದು. ನಾನು ಕೇಳುವುದನ್ನು ನನ್ನನ್ನು ಕೇಳದೆ ಬದಲಾಯಿಸಬೇಡಿ.

ಕಂಪನಿಗಳು ಕಿವಿಗೊಡುವವರೆಗೆ ಊರಿನ ಕಂಪ್ಯೂಟರುಗಳಿಗೆ ನಾವೇ ಗತಿ. ಈ ದೀಪಾವಳಿಗೆ ಬಸ್ ಹತ್ತಿದಾಗ ಮೂರು ಕೆಲಸ ನೆನಪಿಟ್ಟುಕೊಳ್ಳಿ. ಮನೆಯ ಲ್ಯಾಪ್‌ಟಾಪಿಗೆ ಅದರ ತಯಾರಕರದೇ ಸೌಂಡ್ ಡ್ರೈವರ್ ಇದೆಯಾ ನೋಡಿ. ಮೈಕಿನ ಸೆಟ್ಟಿಂಗಿನಲ್ಲಿ ಗದ್ದಲ, ಪ್ರತಿಧ್ವನಿ, ವಾಲ್ಯೂಮು ಇವನ್ನು ತಾನೇ ತಿದ್ದುವ ಆಯ್ಕೆಗಳೆಲ್ಲ ಆಫ್ ಮಾಡಿ. ಹಾಡುವವರು ಅಂಗಳಕ್ಕೆ ಬರುವ ಮೊದಲು ಅರ್ಧ ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿ ಕೇಳಿ. ಹಿನ್ನೆಲೆಯಲ್ಲಿ ಜೀರುಂಡೆಯ ಸದ್ದು ಕೇಳಿಸುತ್ತಿದ್ದರೆ ಯಂತ್ರ ಸುಮ್ಮನಿದೆ, ಶುರು ಮಾಡಬಹುದು ಅಂತ ತಿಳಿಯಿರಿ.