ಕಳೆದ ನಾಣ್ಯವೂ ಕೆಟ್ಟ ಬಂಡಿಯೂ

ಕನ್ಯಾಶಾಲೆಯ ಸ್ಮರಣಸಂಚಿಕೆಯಲ್ಲಿ ಮೋಟಾರು ಬಂಡಿಯ, ಅದರಲ್ಲಿಯೂ ಇಬ್ಬರೇ ಕುಳಿತುಕೊಳ್ಳತಕ್ಕ ಸ್ಪೋರ್ಟ್ಸ್ ಕಾರಿನ ವಿಷಯವು ಬರತಕ್ಕದ್ದೇ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ಹೊಲಿಗೆ, ಸಂಗೀತ, ಆರೋಗ್ಯ, ಸದ್ಗುಣ ಇವುಗಳನ್ನು ಕುರಿತು ಇಂತಹ ಪುಟಗಳಲ್ಲಿ ಎಷ್ಟೋ ಒಳ್ಳೆಯ ಲೇಖನಗಳು ಬಂದಿವೆ. ಇನ್ನು ಮುಂದೆಯೂ ಬರುವುವು. ಆದರೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯು ನನ್ನನ್ನು ಈ ವಿಷಯಕ್ಕೆ ಎಳೆದು ತಂದಿದೆ. ಅದರಲ್ಲಿ ಈ ಶಾಲೆಯ ಪಾಲೂ ಉಂಟು.

ನನ್ನ ತಮ್ಮನು ಬೆಂಗಳೂರಿನಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡು ಬಾಗಲಕೋಟೆಗೆ ತಂದನು. ಅದರ ಹೆಸರು ಇಲ್ಲಿ ಮುಖ್ಯವಲ್ಲ. ಮೈಯೆಲ್ಲ ಫೈಬರ್‌ಗ್ಲಾಸಿನದು, ನೆಲಕ್ಕೆ ಅಂಟಿದಂತೆ ಓಡುವುದು. ನವನಗರದ ಹುಡುಗರೆಲ್ಲ ಅದರ ಸುತ್ತ ನೆರೆದರು. ಹಗಲು ಬಾದಾಮಿಗೆ ಹೋಗಿ ಬಂದರೆ ಏನೂ ತೊಂದರೆಯಿಲ್ಲ. ಸಂಜೆ ದೀಪ ಹಚ್ಚಿದೊಡನೆ ಮಾತ್ರ ಇಂಜಿನ್ನಿನ ಶಾಖವನ್ನು ತೋರಿಸುವ ಮುಳ್ಳು ಸರ್ರನೆ ಕೆಂಪು ಗೆರೆಗೆ ಏರುವುದು. ಒಂದು ಗ್ಯಾರೇಜಿನಲ್ಲಿ ಮೊದಲು ಥರ್ಮೋಸ್ಟಾಟನ್ನು ಬದಲಿಸಿದರು. ಆಮೇಲೆ ರೇಡಿಯೇಟರಿನ ಮುಚ್ಚಳವನ್ನು. ಕಡೆಗೆ ಬೆಂಗಳೂರಿನಿಂದ ನೀರಿನ ಪಂಪನ್ನೇ ತರಿಸಿದರು. ಆ ಪಂಪು ಬರಲು ಇಪ್ಪತ್ತೆರಡು ದಿನಗಳು ಹಿಡಿದುವು. ಮುಳ್ಳು ತನ್ನ ಅಭ್ಯಾಸವನ್ನು ಬಿಡಲಿಲ್ಲ.

ಆ ದಿನ ತಮ್ಮನೊಡನೆ ಅವನ ಮಗಳೂ ಹೋಗಿದ್ದಳು. ಆಗ ಅವಳು ನಮ್ಮ ಶಾಲೆಯ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. “ಕಾಕಾ, ದೀಪ ಆರಿಸಿದ ಕೂಡ್ಲೆ ಮುಳ್ಳು ಇಳೀತೈತಿ. ಅಷ್ಟರೊಳಗ ನೀರು ಹ್ಯಾಂಗ ತಣ್ಣಗಾದೀತ್ರಿ?” ಎಂದು ಅವಳು ಮಿಸ್ತ್ರಿಯನ್ನು ಕೇಳಿದಳು. “ನೀ ಸುಮ್ನಿರವಾ ತಂಗಿ, ಇದು ನಿಮ್ಮ ಪುಸ್ತಕದಾಗಿಂದಲ್ಲ” ಎಂದು ಅವನು ನಗುತ್ತ ಉತ್ತರವಿತ್ತು, ಮುಂದಿನ ಮಾತನ್ನೆಲ್ಲ ನನ್ನ ತಮ್ಮನೊಡನೆಯೇ ಆಡಿದನು.

ಆದರೆ ಅದು ಪುಸ್ತಕದೊಳಗಿನದೇ ಆಗಿತ್ತು. ಕಬ್ಬಿಣದ ಮೈಯುಳ್ಳ ಕಾರಿನಲ್ಲಿ ವಿದ್ಯುತ್ತು ಬ್ಯಾಟರಿಯಿಂದ ತಂತಿಯ ಮೂಲಕ ದೀಪಕ್ಕೆ ಹೋಗಿ, ಬಂಡಿಯ ಮೈಯ ಮೂಲಕವೇ ಹಿಂದಿರುಗುವುದು. ಫೈಬರ್‌ಗ್ಲಾಸು ವಿದ್ಯುತ್ತನ್ನು ಹರಿಯಗೊಡದು. ಆದುದರಿಂದ ಅಂತಹ ಬಂಡಿಯಲ್ಲಿ ಹಿಂದಿರುಗುವ ದಾರಿಗೂ ಬೇರೆ ತಂತಿಗಳು ಬೇಕು. ಇದನ್ನೇ ಗ್ಯಾರೇಜಿನವರು ಅರ್ಥಿಂಗ್ ಎನ್ನುವರು. ಅನೇಕ ತಂತಿಗಳನ್ನು ಒಂದೇ ಬೋಲ್ಟಿಗೆ ತಂದು ಚೌಕಟ್ಟಿಗೆ ಬಿಗಿದಿರುವರು. ಆ ಒಂದು ಬೋಲ್ಟು ಸಡಿಲಾದರೆ, ಇಲ್ಲವೆ ಅದರ ಕೆಳಗೆ ಜಂಗು ಹಿಡಿದರೆ, ದೀಪದ ವಿದ್ಯುತ್ತು ಅಲ್ಲಿ ತಡೆಯುಂಡು ನೆರೆಯ ಮುಳ್ಳುಗಳಿಂದ ಸುಳ್ಳು ಹೇಳಿಸುವುದು. ಎರಡು ಹೆಡ್‌ಲೈಟುಗಳು ಉರಿಯುವಾಗ ಹರಿಯುವುದು ಹೆಚ್ಚುಕಡಿಮೆ 10 ಆಂಪಿಯರು. ಕೂಡಿಕೆಯಲ್ಲಿ 0.2 ಓಮಿನಷ್ಟು ತಡೆಯಿದ್ದರೂ 2 ವೋಲ್ಟು ಅಲ್ಲಿಯೇ ನಷ್ಟವಾಯಿತು. ಓಮನ ನಿಯಮವನ್ನು ಹತ್ತನೆಯ ತರಗತಿಯ ಹುಡುಗಿಯರೆಲ್ಲ ಕಂಠಪಾಠ ಮಾಡಿರುವರು. ಅದು ಕಾರಿನ ಹೊಟ್ಟೆಯಲ್ಲಿಯೂ ಇರುವುದೆಂದು ಅವರಿಗೆ ತೋರಿಸಿದವರು ಯಾರು?

ಮನೆಗೆ ಬಂದು ಹುಡುಗಿಯು ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಇನ್ನೊಂದನ್ನು ಆ ಬೋಲ್ಟಿಗೆ ಬಂದಿದ್ದ ತಂತಿಗೂ ಇಟ್ಟಳು. ದೀಪ ಆರಿದ್ದಾಗ ಸೊನ್ನೆಯ ಸಮೀಪ. ಹಚ್ಚಿದಾಗ ಒಂದೂವರೆ ವೋಲ್ಟು. ಹಿಂದೆ ಯಾರೋ ಚೌಕಟ್ಟಿಗೆ ಹೊಸ ಬಣ್ಣ ಬಳಿದು, ಬಣ್ಣದ ಮೇಲೆಯೇ ತಂತಿಯನ್ನು ಬಿಗಿದಿದ್ದರು. ಬಣ್ಣವನ್ನು ಕೆರೆದು, ಲೋಹವನ್ನು ಲೋಹಕ್ಕೆ ಕೂಡಿಸಿದ ಮೇಲೆ ಮುಳ್ಳು ನಿಂತಲ್ಲಿ ನಿಂತಿತು. ಖರ್ಚು ಏನೂ ಆಗಲಿಲ್ಲ. ಹಿಂದಿನ ಮೂರು ಹೊಸ ಭಾಗಗಳ ಹಣ ಮಾತ್ರ ಹೋಗಿಯೇ ಹೋಯಿತು.

ಮಿಸ್ತ್ರಿಯನ್ನು ನಾನು ದೂಷಿಸಲಾರೆ. ಅವನ ಕೈಯಲ್ಲಿ ಆ ಬಂಡಿಯ ತಂತಿಗಳ ನಕ್ಷೆಯಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ನಮ್ಮದು. ಹೊಸ ಭಾಗವೊಂದನ್ನು ಡಬ್ಬಿಯಿಂದ ತೆಗೆದು ತೋರಿಸಿದರೆ ನಾವು ಮರುಮಾತಿಲ್ಲದೆ ಹಣವನ್ನು ಎಣಿಸುವೆವು. “ಎರಡು ತಾಸು ಕೂತು ವಿಚಾರ ಮಾಡೇನಿ” ಎಂದರೆ ಒಂದು ಕಾಸನ್ನೂ ಬಿಚ್ಚುವುದಿಲ್ಲ. ವಿಚಾರಕ್ಕೆ ಕೂಲಿಯಿಲ್ಲದ ಊರಿನಲ್ಲಿ ಮಿಸ್ತ್ರಿಯು ಭಾಗಗಳನ್ನೇ ಮಾರಬೇಕಾಗುವುದು.

ಲೂಕನ ಸುವಾರ್ತೆಯಲ್ಲಿ ಹತ್ತು ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಸ್ತ್ರೀಯ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಅವಳು ನೆರೆಮನೆಯಿಂದ ಬೇರೊಂದು ನಾಣ್ಯವನ್ನು ಸಾಲ ತರಲಿಲ್ಲ. ದೀಪವನ್ನು ಹಚ್ಚಿದಳು, ಮನೆಯನ್ನು ಗುಡಿಸಿದಳು, ಸಿಕ್ಕುವ ತನಕ ಹುಡುಕಿದಳು. ಅದರ ಆತ್ಮಿಕಾರ್ಥವನ್ನು ಬೋಧಕರು ಹೇಳಿರುವರು. ನನಗೆ ಆ ಹುಡುಗಿಯು ಬಾನೆಟ್ಟಿನ ಮೇಲೆ ಬಾಗಿದ್ದುದನ್ನು ಕಂಡಾಗ ಆ ಸ್ತ್ರೀಯೇ ನೆನಪಾದಳು.

ಹುಡುಕಿದ ಮೇಲೆ ಭಾಗವೇ ಕೆಟ್ಟಿದೆಯೆಂದು ನಿಶ್ಚಯವಾದರೆ ಅದನ್ನು ಎಲ್ಲಿಂದ ತರುವುದು? ನಮ್ಮ ನಾಡಿನಲ್ಲಿಯೇ ಇದಕ್ಕೆ ನಿದರ್ಶನಗಳಿವೆ. ಬೆಂಗಳೂರಿನ ಸಿಪಾನಿ ಸಂಸ್ಥೆಯವರು 1982ರಲ್ಲಿ ಡಾಲ್ಫಿನ್ ಎಂಬ ಸಣ್ಣ ಕಾರನ್ನು ಹೊರತಂದರು. ಅದು ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಅಚ್ಚು. ಮೈ ಫೈಬರ್‌ಗ್ಲಾಸಿನದು, ಇಂಜಿನ್ನು 848 ಸಿ.ಸಿ.ಯದು. ಹಗುರವಾಗಿದ್ದುದರಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಆಮೇಲೆ 1998ರಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸಿನವರು ಸ್ಟಾರ್ಮ್ ಎಂಬ ನಿಜವಾದ ಇಬ್ಬರಾಸನದ ಸ್ಪೋರ್ಟ್ಸ್ ಕಾರನ್ನು ತಂದರು. ಮೈ ಫೈಬರ್‌ಗ್ಲಾಸು, ಇಂಜಿನ್ನು ಫ್ರಾನ್ಸಿನ ರೆನೋದವರ 1149 ಸಿ.ಸಿ.ಯದು. ಈ ಎರಡೂ ಈಗ ತಯಾರಾಗುವುದಿಲ್ಲ. ಆದರೆ ಅದೇ ರೆನೋ ಇಂಜಿನ್ನು ಯೂರೋಪಿನಲ್ಲಿ ಕ್ಲಿಯೋ, ಟ್ವಿಂಗೋ ಎಂಬ ಅಸಂಖ್ಯ ಕಾರುಗಳಲ್ಲಿ ಓಡಿದೆ. ಸ್ಟಾರ್ಮಿನ ಹೆಸರಿನಿಂದ ಹುಡುಕಿದವನಿಗೆ ಸಿಕ್ಕದ ಭಾಗವು ಇಂಜಿನ್ನಿನ ಹೆಸರಿನಿಂದ ಹುಡುಕಿದವನಿಗೆ ಸಿಕ್ಕೀತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಬೇರಿಂಗಿನ ಉಂಗುರದ ಮೇಲೆ ಒಂದು ಸಂಖ್ಯೆಯನ್ನು ಕೊರೆದಿರುವರು. 6203 ಎಂದಿದ್ದರೆ ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿಲಿಮೀಟರು. ಜಪಾನಿನಲ್ಲಿಯೂ ಅಷ್ಟೇ, ಹುನಗುಂದದಲ್ಲಿಯೂ ಅಷ್ಟೇ. ಸಂಖ್ಯೆಯ ಮುಂದಿನ ಅಕ್ಷರಗಳನ್ನೂ ಬಿಡದೆ ಬರೆದುಕೊಳ್ಳಬೇಕು: ಝಡ್‌ಝಡ್ ಎಂದರೆ ಎರಡೂ ಬದಿಗೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದರೆ ರಬ್ಬರಿನ ಮುಚ್ಚಳ. ಆಯಿಲ್ ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಎಂದು ಮೂರು ಅಂಕಿಗಳಿರುವುವು. ಬೆಲ್ಟಿನ ಮೇಲೆ 6ಪಿಕೆ1200 ಎಂದಿದ್ದರೆ ಆರು ಗೆರೆಗಳು, 1200 ಮಿಲಿಮೀಟರು ಉದ್ದ. ಇದನ್ನರಿತವಳು ಇಳಕಲ್ಲಿನ ಅಂಗಡಿಯವನ ಮುಂದೆ ಕಾರಿನ ಹೆಸರನ್ನೇ ಎತ್ತಬೇಕಾಗಿಲ್ಲ. ನೀರೆತ್ತುವ ಪಂಪಿಗೆ ಮಾರುವ ಬೇರಿಂಗನ್ನೇ ಅವನು ಅವಳ ಕೈಗೆ ಕೊಟ್ಟಾನು. ಅಲ್ಲಿ ಸಿಕ್ಕದಿದ್ದರೆ ಹುಬ್ಬಳ್ಳಿ. ಅಲ್ಲಿಯೂ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ.

ಅಳತೆ ಸರಿಹೋಗುವುದೆಂದರೆ ಏನೆಂಬುದನ್ನು ಇಳಕಲ್ಲಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಸೆರಗಿನ ರೇಷ್ಮೆಯ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಕೊಂಡಿಯಾಗಿ ಜೋಡಿಸುವರು. ಆ ಕೆಲಸದಲ್ಲಿ ಮನೆಯ ಹೆಂಗಸರ ಬೆರಳುಗಳು ಎಷ್ಟು ಚುರುಕೆಂಬುದನ್ನು ನೋಡಿದವರೇ ಬಲ್ಲರು. ಅಂತಹ ಬೆರಳುಗಳಿಗೆ ಒಂದು ಸ್ಪ್ಯಾನರು ಭಾರವಾದೀತೆ?

ಒಂದು ಎಚ್ಚರಿಕೆಯ ಮಾತು. ಬ್ರೇಕು, ಸ್ಟಿಯರಿಂಗು ಇವೆರಡರಲ್ಲಿ ಹೊಂದಾಣಿಕೆ, ಗುಜರಿ, ತೇಪೆ ಯಾವುದೂ ಸಲ್ಲದು. ತಕ್ಕ ಭಾಗವು ಬರುವ ತನಕ ಬಂಡಿಯು ಮನೆಯಲ್ಲಿ ನಿಂತಿರಲಿ.

ಹೊರನಾಡುಗಳಲ್ಲಿ ಹಳೆಯ ಬಂಡಿಗಳ ಭಾಗಗಳನ್ನು ತಯಾರಕರೇ ಮತ್ತೆ ಮಾಡಿಸಿಕೊಟ್ಟುದುಂಟು. ಇಂಗ್ಲೆಂಡಿನಲ್ಲಿ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನ ತಯಾರಿಕೆಯು 1980ರಲ್ಲಿ ನಿಂತರೂ, 1988ರಲ್ಲಿ ಅದರ ಹೊಸ ಮೈಗಳನ್ನು ಪುನಃ ಒತ್ತತೊಡಗಿದರು. ಜಪಾನಿನ ಮಜ್ದಾದವರು ತಮ್ಮ ಮೊದಲನೆಯ ರೋಡ್‌ಸ್ಟರಿಗೆ ಅಂತಹ ಏರ್ಪಾಡನ್ನು 2017ರಲ್ಲಿ ಪ್ರಕಟಿಸಿದರು. ಅಲ್ಲಿ ಲಕ್ಷಗಟ್ಟಲೆ ಬಂಡಿಗಳಿದ್ದುವು, ನಮ್ಮಲ್ಲಿ ಕೆಲವೇ. ಸಂಖ್ಯೆಯಿಲ್ಲದವರು ಬುದ್ಧಿಯನ್ನು ನೆಚ್ಚಬೇಕು.

ಈಗ ಶಾಲೆಯ ಹಿರಿಯರಲ್ಲಿ ನನ್ನ ಬಿನ್ನಹ. ಹಿಂಭಾಗದ ಕೊಠಡಿಯಲ್ಲಿ ಕೆಟ್ಟ ನೀರಿನ ಪಂಪೊಂದು ಬಹುಕಾಲದಿಂದ ಬಿದ್ದಿರುವುದು. ಅದನ್ನು ಗುಜರಿಗೆ ಹಾಕುವ ಆಲೋಚನೆಯುಂಟೆಂದು ಕೇಳಿದೆ. ದಯವಿಟ್ಟು ಒಂದು ವರ್ಷ ತಡೆಯಿರಿ. ವಾರಕ್ಕೆ ಒಂದು ತಾಸು ಅದನ್ನು ಒಂಬತ್ತನೆಯ ತರಗತಿಯ ಹುಡುಗಿಯರ ವಶಕ್ಕೆ ಕೊಡಿರಿ. ಏನು ಕೆಟ್ಟಿದೆಯೆಂದು ಅವರು ಮೊದಲು ಬರೆದು ತೋರಿಸಲಿ. ಆಮೇಲೆಯೇ ಸ್ಪ್ಯಾನರು ಕೈಗೆ ಬರಲಿ. ಮಲ್ಟಿಮೀಟರೊಂದನ್ನು ನಾನು ಕೊಡುವೆನು. ಆ ಮಿಸ್ತ್ರಿಯೂ ಬರಲು ಒಪ್ಪಿರುವನು. ಮುಳ್ಳಿನ ಕಥೆಯನ್ನು ಕೇಳಿದಂದಿನಿಂದ ಅವನು ನನ್ನ ಸೋದರಸೊಸೆಯನ್ನು ಕಂಡಾಗಲೆಲ್ಲ ನಿಂತು ಮಾತನಾಡಿಸುತ್ತಾನೆ.