ಸ್ಟೀರಿಂಗಿನ ಎಣ್ಣೆಗೂ ಸ್ವಲ್ಪ ಗಾಳಿ ಬೇಕು ಸ್ವಾಮೀ

ಟ್ರ್ಯಾಕಿನಲ್ಲಿ ಓಡಿಸೋ ಕಾರಿಗೆ ದೊಡ್ಡ ಇಂಜಿನ್ ಕೂರಿಸಿದವರನ್ನ ಮಾತಾಡಿಸಿ ನೋಡಿ. ರೇಡಿಯೇಟರ್ ಯಾವುದು, ಬ್ರೇಕ್ ಪ್ಯಾಡ್ ಯಾವುದು, ಹಾರ್ಸ್ ಪವರ್ ಎಷ್ಟು ಅಂತ ಅರ್ಧ ಗಂಟೆ ಬಿಡದೆ ಹೇಳ್ತಾರೆ. ಪವರ್ ಸ್ಟೀರಿಂಗ್ ಎಣ್ಣೆ ಎಷ್ಟು ಬಿಸಿಯಾಗತ್ತೆ ಅಂತ ಕೇಳಿದರೆ ಮಾತ್ರ ಸುಮ್ಮನಾಗ್ತಾರೆ. ಹೋದ ಜುಲೈವರೆಗೆ ನಾನೂ ಹಾಗೇ ಇದ್ದೆ.

ಗೆಳೆಯನ ಹತ್ತಿರ 1994ರ ಮಿಯಾಟಾ ಇದೆ. ಅದರ 1.8 ಲೀಟರ್ ಇಂಜಿನ್ ಕಿತ್ತು, ಜಿಎಂನ 5.7 ಲೀಟರ್ ಎಲ್ಎಸ್1 ಕೂರಿಸೋಕೆ ಎಂಟು ತಿಂಗಳ ವೀಕೆಂಡ್ ಹೋಯ್ತು. ಕೆಲಸ ಅವನದು, ಸಲಹೆ ನನ್ನದು :) ಹಳೇ ರೇಡಿಯೇಟರ್ ಮುಂದೆ ಒಂದು ಬಾಗಿದ ಕಬ್ಬಿಣದ ಪೈಪು ಇತ್ತು. ಹೊಸ ದಪ್ಪ ರೇಡಿಯೇಟರಿಗೆ ಅಡ್ಡ ಬರ್ತಿತ್ತು. "ಇದು ಯಾಕೋ ಇಲ್ಲಿ?" ಅಂದ. "ಬರೀ ಪೈಪು ಮಗಾ, ತೆಗೆದು ಬಿಸಾಡು" ಅಂದವನು ನಾನೇ. ಆಫೀಸಲ್ಲಿ ಯಾರಾದರೂ ಅರ್ಥವಾಗದ ಕೋಡನ್ನ ಹೀಗೆ ಡಿಲೀಟ್ ಮಾಡಿದ್ರೆ ಅವರ ಜನ್ಮ ಜಾಲಾಡ್ತೀನಿ. ಕಾರಿನ ವಿಷಯದಲ್ಲಿ ಆ ಬುದ್ಧಿ ಎಲ್ಲಿ ಹೋಗಿತ್ತೋ!

ಕಾರು ತಗೊಂಡು ಹೋಗಿದ್ದು ಉತ್ತರ ಕ್ಯಾಲಿಫೋರ್ನಿಯಾದ ವಿಲೋಸ್ ಹತ್ತಿರದ ಥಂಡರ್‌ಹಿಲ್‌ಗೆ. ಬಿಸಿಲು 40 ಡಿಗ್ರಿ ದಾಟಿತ್ತು. ಮೂರನೇ ಸಲ ಇಳಿದಾಗ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಕುಯ್ಯೋ ಅನ್ನೋ ಸದ್ದು. ಆಮೇಲೆ ಒಂದು ತಿರುವಿನ ಮಧ್ಯದಲ್ಲಿ ಸ್ಟೀರಿಂಗ್ ಇದ್ದಕ್ಕಿದ್ದಂತೆ ಕಲ್ಲಾಯ್ತಂತೆ. ಪಿಟ್‌ಗೆ ಬರೋಷ್ಟರಲ್ಲಿ ಬಾನೆಟ್ ಸಂದಿಯಿಂದ ಬಿಳೀ ಹೊಗೆ. ಎಣ್ಣೆ ನೊರೆ ಬಂದು ಡಬ್ಬಿಯ ಮುಚ್ಚಳದಿಂದ ಉಕ್ಕಿ, ಕೆಳಗೆ ಕಾದಿದ್ದ ಹೆಡರ್ ಪೈಪಿನ ಮೇಲೆ ಸುರೀತಿತ್ತು. ನಾನು ಬೆಂಕಿ ಆರಿಸೋ ಸಿಲಿಂಡರ್ ಹಿಡಕೊಂಡು ನಿಂತಿದ್ದೆ, ಅವನು ಒಳಗೆ ಬೆಲ್ಟ್ ಬಿಚ್ಚೋಕೆ ಒದ್ದಾಡ್ತಿದ್ದ. ಹತ್ತಿಕೊಳ್ಳಲಿಲ್ಲ. ನಮ್ಮ ಪುಣ್ಯ, ಅಷ್ಟೇ. ಆ ಹತ್ತು ಸೆಕೆಂಡು ಈಗಲೂ ನಿದ್ದೆಯಲ್ಲಿ ಬರತ್ತೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಪಂಪು 80 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 8 ಲೀಟರ್ ಎಣ್ಣೆ ತಳ್ಳಿದರೆ ಅದಕ್ಕೆ ಬೇಕಾದ ಶಕ್ತಿ ಹತ್ತಿರ ಹತ್ತಿರ ಒಂದು ಕಿಲೋವ್ಯಾಟ್. ಅದರಲ್ಲಿ ಚಕ್ರ ತಿರುಗಿಸೋಕೆ ಖರ್ಚಾಗೋದು ಸ್ವಲ್ಪ, ಉಳಿದಿದ್ದೆಲ್ಲ ಬಿಸಿ. ಊರಲ್ಲಿ ಬಕೆಟ್ಟಿಗೆ ಇಳಿಬಿಡೋ ಹೀಟರ್ ಕಾಯಿಲ್ ಇದೆಯಲ್ಲ, ಅದನ್ನ ಒಂದು ಚೊಂಬು ಎಣ್ಣೆಗೆ ಇಟ್ಟ ಹಾಗೆ. ಇಡೀ ಹೊತ್ತು ಅಷ್ಟು ಒತ್ತಡ ಇರಲ್ಲ, ನಿಜ. ಆದರೆ ನೇರ ದಾರಿಯಲ್ಲೂ ಪಂಪಿಗೆ ಬಿಡುವಿಲ್ಲ. ಇಂಜಿನ್ 6000 ಸುತ್ತು ಸುತ್ತುವಾಗ ಪಂಪೂ ಜೊತೆಗೆ ಸುತ್ತತ್ತೆ, ಬೇಡವಾದ ಎಣ್ಣೆ ಒಳಗಿನ ವಾಲ್ವ್‌ನಲ್ಲೇ ಗಿರಕಿ ಹೊಡೆದು ಕಾಯತ್ತೆ. ಸಾಲದ್ದಕ್ಕೆ ನಮ್ಮದು ದೊಡ್ಡ ಕಾರಿಗೆ ಅಂತ ಮಾಡಿದ ಜಿಎಂ ಪಂಪು, ಸ್ಟೀರಿಂಗ್ ರ‍್ಯಾಕ್ ಪುಟ್ಟ ಮಿಯಾಟಾದ್ದು. ಹೋಸು ಹೆಡರ್ ಪಕ್ಕದಲ್ಲೇ. ತಣ್ಣಗಾಗೋಕೆ ಇದ್ದ ಒಂದೇ ಜಾಗ ಆ "ಬರೀ ಪೈಪು", ಅದನ್ನ ನಾವು ಕಿತ್ತಿದ್ದೆವು.

ಇದನ್ನ ಹೇಳಿದಾಗ ಅನೇಕರು ಕೊಡೋ ಉತ್ತರ: ಪವರ್ ಸ್ಟೀರಿಂಗೇ ತೆಗೆದುಬಿಡಿ, ಭಾರ ಕಮ್ಮಿ. ನನಗೆ ಒಪ್ಪಿಗೆಯಿಲ್ಲ. ಅಗಲವಾದ, ಅಂಟೋ ಟೈರು ಹಾಕಿ, ಮುಂದೆ ಭಾರದ ಇಂಜಿನ್ ಇಟ್ಟು, ಹಿಂದಿನ ಚಕ್ರ ಜಾರಿದಾಗ ಬರೀ ತೋಳಿನ ಬಲದಲ್ಲಿ ಸ್ಟೀರಿಂಗ್ ತಿರುಗಿಸಿ ಹಿಡಿಯೋಕೆ ಎಲ್ಲರೂ ಪೈಲ್ವಾನರಲ್ಲ. ಎಂಆರ್2 ಸ್ಪೈಡರಿನ ಕರೆಂಟ್ ಪಂಪು ಹಾಕೋರೂ ಇದ್ದಾರೆ, ಇಂಜಿನ್ ಎಷ್ಟು ಸುತ್ತಿದರೂ ಅದಕ್ಕೆ ಸಂಬಂಧವಿಲ್ಲ. ಒಳ್ಳೇ ಉಪಾಯ, ಆದರೆ ಕರೆಂಟ್ ಸಿಕ್ಕಾಪಟ್ಟೆ ಎಳೆಯತ್ತೆ. "ಡ್ರ್ಯಾಗ್ ರೇಸಿನವರು ಕೂಲರ್ ಹಾಕಲ್ವಲ್ಲ" ಅನ್ನೋರಿಗೆ... ಅವರು ಓಡಿಸೋದು ಕೆಲವೇ ಸೆಕೆಂಡು, ಅದೂ ನೇರಕ್ಕೆ!

ನಾವು ಮಾಡಿದ್ದು ಇಷ್ಟು. ಪುಟ್ಟದೊಂದು ಕೂಲರ್, ವಾಪಸ್ ಬರೋ ಲೈನಿನಲ್ಲಿ (ಒತ್ತಡದ ಲೈನಿನಲ್ಲಿ ಹಾಕಿದರೆ ಒಡೆದು ಹೋದೀತು, ಜೋಕೆ), ಹೊಸ ಗಾಳಿ ಬಡಿಯೋ ಜಾಗದಲ್ಲಿ. ಎಣ್ಣೆಗೂ ಬಿಸಿಗೂ ತಡೆಯೋ ಹೋಸು. ಕೈಗೆ ಸಿಕ್ಕ ನೀರಿನ ಹೋಸು ಬೇಡವೇ ಬೇಡ. ಹೆಡರಿಗೂ ಹೋಸಿಗೂ ಮಧ್ಯೆ ಒಂದು ತಗಡು. ಪಂಪು ನಿಧಾನ ಸುತ್ತಲಿ ಅಂತ ದೊಡ್ಡ ಪುಲ್ಲಿ. ಎಲ್ಲ ಸೇರಿದರೂ ಒಂದು ಟೈರಿನ ದುಡ್ಡಾಗಲಿಲ್ಲ. ಡಬ್ಬಿಗೆ ಬಿಸಿ ತೋರಿಸೋ ಸ್ಟಿಕ್ಕರ್ ಅಂಟಿಸಿದ್ದೀವಿ, ಅದರಲ್ಲಿ 121 ಡಿಗ್ರಿಯ ಚೌಕ ಇನ್ನೂ ಬಿಳಿಯಾಗೇ ಇದೆ. ಆದರೆ ಆಮೇಲೆ ಹೋಗಿದ್ದು ಅಕ್ಟೋಬರಿನಲ್ಲಿ. ಜುಲೈ ಬಿಸಿಲಿನಲ್ಲಿ ಏನಾಗತ್ತೋ ನೋಡಬೇಕು.

ಅಂದಹಾಗೆ, ಆ ಕಬ್ಬಿಣದ ಪೈಪು ಗರಾಜಿನ ಗೋಡೆ ಮೇಲೆ ಮೊಳೆ ಹೊಡೆದು ನೇತು ಹಾಕಿದ್ದಾನೆ. ನಾನು ಹೋದಾಗಲೆಲ್ಲ ತೋರಿಸ್ತಾನೆ, ಏನೂ ಮಾತಾಡಲ್ಲ.