ಭಾವನ ಟ್ರಾಕ್ಟರೂ, ನನ್ನ ಎಲ್‌ಇಡಿ ದೀಪವೂ...

ಮಂಡ್ಯದ ಕಡೆ ಇರೋ ನಮ್ಮ ಭಾವನ ಟ್ರಾಕ್ಟರ್‌ಗೆ ಹಿಂದಿನ ದೀಪ ಮಾಡಿಕೊಟ್ಟಿದ್ದೆ. ರಾತ್ರಿ ರೋಟವೇಟರ್ ಹೊಡೆಯುವಾಗ ಹಿಂದೆ ಏನಾಗ್ತಿದೆ ಅಂತ ಕಾಣಬೇಕಲ್ಲ, ಅದಕ್ಕೆ. ಮೂರು ಬಿಳಿ ಎಲ್‌ಇಡಿ ಸರಣಿಯಲ್ಲಿ, 350 ಮಿಲಿಆಂಪ್, ಡ್ರೈವರ್ ಡಬ್ಬಿ ಸ್ಟೇರಿಂಗ್ ಹತ್ತಿರ. ಮೇಜಿನ ಮೇಲೆ ಎರಡು ದಿನ ಉರಿಸಿ ನೋಡಿದ್ದೆ, ಏನೂ ತೊಂದರೆ ಇರಲಿಲ್ಲ.

ಒಂದು ವಾರಕ್ಕೆ ಭಾವನ ಫೋನು. "ಏನಪ್ಪಾ ಇಂಜಿನಿಯರ್ರೇ, ನಿನ್ನ ದೀಪ ಒಂದ್ಸಲ ಹಗಲಿನಂಗೆ ಬೆಳಗ್ಬುಟ್ಟು ಸತ್ತೋಯ್ತಲ್ಲೋ!"

ಆಗಿದ್ದಿಷ್ಟೇ. ದೀಪ ಕೂರಿಸಿದ ಮೆಕ್ಯಾನಿಕ್ ವಾಡಿಕೆಯಂತೆ ಒಂದೇ ವೈರ್ ಎಳೆದು, ಇನ್ನೊಂದನ್ನು ಬಾಡಿಗೆ ಬಿಗಿದಿದ್ದ (ಮನೆ ಬಾಡಿಗೆ ಅಲ್ಲ ಸ್ವಾಮಿ, ಟ್ರಾಕ್ಟರ್ ಬಾಡಿ ಅರ್ತ್!). ಅವನ ತಪ್ಪಿಲ್ಲ, ಆ ಟ್ರಾಕ್ಟರಿನ ದೀಪಗಳೆಲ್ಲ ಇರೋದೇ ಹಾಗೆ. ತಪ್ಪು ನನ್ನದು. ನಾನು ಹಾಕಿದ್ದು ಅಗ್ಗದ ಬಕ್ ಡ್ರೈವರ್. ಅದರಲ್ಲಿ ಸ್ವಿಚ್ ಇರೋದು ಕೆಳಗಡೆ, ನೆಲದ ಕಡೆ. ಬ್ಯಾಟರಿಯಿಂದ ಕರೆಂಟು ಎಲ್‌ಇಡಿ ದಾಟಿ, ಇಂಡಕ್ಟರ್ ದಾಟಿ, ಆಮೇಲೆ ಸ್ವಿಚ್ಚಿಗೆ ಬರಬೇಕು. ಕ್ಯಾಥೋಡ್ ಬಾಡಿಗೆ ತಗುಲಿದ ತಕ್ಷಣ ಇಂಡಕ್ಟರೂ ಇಲ್ಲ, ಸ್ವಿಚ್ಚೂ ಇಲ್ಲ. 9.6 ವೋಲ್ಟ್ ಬೇಕಿದ್ದ ಎಲ್‌ಇಡಿಗಳ ಮೇಲೆ ಓಡುವ ಇಂಜಿನ್ನಿನ 14 ವೋಲ್ಟ್ ಪೂರ್ತಿ ಬಿತ್ತು. ಇನ್ನೇನಾಗುತ್ತೆ?

ಆಫೀಸಿನ ಗೆಳೆಯ ಹೇಳಿದ: "ಎರಡು ವೈರ್ ಎಳಿ, ಮುಗೀತು. ಸ್ವಿಚ್ ಕೆಳಗಿದ್ರೆ ಖರ್ಚೂ ಕಮ್ಮಿ, ಎಫಿಶಿಯೆನ್ಸಿ ಮೂರ್ನಾಲ್ಕು ಪರ್ಸೆಂಟ್ ಜಾಸ್ತಿ." ನನ್ನ ತಕರಾರು ಇರೋದೇ ಇಲ್ಲಿ. ಈ ದೀಪ ತಿನ್ನೋದೇ 3.4 ವ್ಯಾಟ್. ಅದರಲ್ಲಿ ನಾಲ್ಕು ಪರ್ಸೆಂಟ್ ಅಂದ್ರೆ 0.14 ವ್ಯಾಟ್. ಆ ಜಾಗದಲ್ಲಿ ಮೊದಲಿದ್ದದ್ದು 55 ವ್ಯಾಟಿನ ಹ್ಯಾಲೋಜನ್ ಬಲ್ಬು! ಯಾರಿಗೆ ಬೇಕು ಈ ಉಳಿತಾಯ?

ಸರಿ, ಎರಡು ವೈರ್ ಎಳೆದೆವು ಅಂತಲೇ ಇಟ್ಕೊಳ್ಳಿ. ಟ್ರಾಕ್ಟರ್ ಅಲುಗಾಟಕ್ಕೆ ಒಂದಲ್ಲ ಒಂದು ದಿನ ವೈರಿನ ಸಿಪ್ಪೆ ಸವೆಯುತ್ತೆ, ತಾಮ್ರ ಬಾಡಿಗೆ ತಾಗುತ್ತೆ. ಸವೆದದ್ದು ಕ್ಯಾಥೋಡ್ ವೈರ್ ಆದರೆ ಮತ್ತೆ ಅದೇ ಕಥೆ, ಎಲ್‌ಇಡಿ ಭಸ್ಮ. ಅದರ ಬದಲು ಕ್ಯಾಥೋಡನ್ನು ನಾವೇ ಬಾಡಿಗೆ ಬಿಗಿದು, ಸ್ವಿಚ್ಚನ್ನೂ ಕರೆಂಟ್ ಅಳೆಯುವ ರೆಸಿಸ್ಟರನ್ನೂ ಅನೋಡ್ ಕಡೆ ಇಟ್ಟರೆ? ಆಗ ಸವೆಯೋಕೆ ಇರೋದು ಒಂದೇ ವೈರು. ಅದು ಬಾಡಿಗೆ ತಾಗಿದರೂ ಡ್ರೈವರ್ ಅದೇ 350 ಮಿಲಿಆಂಪ್ ಕೊಡ್ತಾ ಕೂತಿರುತ್ತೆ. ದೀಪ ಆರುತ್ತೆ ನಿಜ, ಆದ್ರೆ ಸಾಯಲ್ಲ. ವೈರಿಗೆ ಟೇಪ್ ಸುತ್ತಿದರೆ ಮತ್ತೆ ಬೆಳಕು. (ಚಿಪ್ ಆರಿಸುವಾಗ ಒಂದು ವಿಷಯ: ಅಳೆಯುವ ಪಿನ್ನುಗಳು ಸೊನ್ನೆ ವೋಲ್ಟಿಗೆ ಇಳಿದರೂ ಕೆಲಸ ಮಾಡುತ್ತಾ ಅಂತ ಡೇಟಾಶೀಟಲ್ಲಿ ನೋಡ್ಕೊಳ್ಳಿ.)

ಹಾಗಾಗಿ ಮೂರು ಎಲ್‌ಇಡಿಗೆ ನನ್ನ ಓಟು ಮೇಲುಗಡೆ ಸ್ವಿಚ್ ಇರುವ ಬಕ್‌ಗೆ. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಕುಸಿದು ದೀಪ ಒಂದು ಕ್ಷಣ ಮಂಕಾಗುತ್ತೆ, ಆಗಲಿ ಬಿಡಿ.

ನಾಲ್ಕು ಎಲ್‌ಇಡಿ ಬೇಕು ಅಂದ್ರೆ ಲೆಕ್ಕ ಬೇರೆ. 12.8 ವೋಲ್ಟ್ ಅಂದ್ರೆ ಬ್ಯಾಟರಿ ಒಮ್ಮೆ ಅದಕ್ಕಿಂತ ಕೆಳಗೆ, ಒಮ್ಮೆ ಮೇಲೆ. ಬೂಸ್ಟ್ ಹಾಕೋಣ ಅಂದ್ರೆ ಇಂಜಿನ್ ಓಡುವಾಗ ಇಂಡಕ್ಟರ್, ಡಯೋಡ್ ಮೂಲಕ ಕರೆಂಟು ಯಾರ ಅಂಕೆಯೂ ಇಲ್ಲದೆ ನುಗ್ಗುತ್ತೆ. ಇನ್ವರ್ಟಿಂಗ್ ಬಕ್-ಬೂಸ್ಟ್‌ನಲ್ಲಿ ಔಟ್‌ಪುಟ್ ನೆಲಕ್ಕಿಂತ ಕೆಳಗೆ ಹೋಗುತ್ತೆ, ಬಾಡಿಗೆ ಬಿಗಿಯಬೇಕಾಗೋದು ಅನೋಡನ್ನು. ಅಲ್ಲಿ ಸೆಪಿಕ್ ಒಳ್ಳೇದು. ಏರಿಸೋದೂ ಇಳಿಸೋದೂ ಎರಡೂ ಗೊತ್ತು, ಕ್ಯಾಥೋಡ್ ನೆಲದಲ್ಲೇ ಇರುತ್ತೆ, ನಡುವಿನ ಕೆಪಾಸಿಟರ್ ಬ್ಯಾಟರಿಯ ನೇರ ಕರೆಂಟಿಗೆ ಅಡ್ಡ ನಿಂತಿರುತ್ತೆ. ಇನ್ನೊಂದು ಇಂಡಕ್ಟರಿನ ಖರ್ಚು ಬೀಳುತ್ತೆ, ಎಫಿಶಿಯೆನ್ಸಿ ಸ್ವಲ್ಪ ಕಮ್ಮಿ. ಇರಲಿ.

ಟೊಪಾಲಜಿ ಅಂದ ಕೂಡಲೇ ನಾವು ಎಫಿಶಿಯೆನ್ಸಿ ಗ್ರಾಫ್ ತೆಗೀತೀವಿ. ನಾನೀಗ ಮೊದಲು ಕೇಳೋದು ಎರಡೇ ಪ್ರಶ್ನೆ: ಕ್ಯಾಥೋಡ್ ಎಲ್ಲಿಗೆ ಹೋಗುತ್ತೆ? ವೈರ್ ಸವೆದರೆ ಏನಾಗುತ್ತೆ? ಅವತ್ತು ದೀಪ ಸತ್ತಾಗ ಭಾವನ ಮಗ ರೋಟವೇಟರ್ ಹಿಂದೆ ಕಳೆ ಆರಿಸ್ತಾ ನಡೀತಿದ್ನಂತೆ. ಕತ್ತಲಾದ ಕೂಡಲೇ ಭಾವ ಟ್ರಾಕ್ಟರ್ ನಿಲ್ಲಿಸಿದ್ರು, ಅವನೂ ನಿಂತ. ಇದನ್ನ ಭಾವ ನಗ್ತಾ ಹೇಳಿದ್ರು, ನನಗೆ ನಗು ಬರಲಿಲ್ಲ.

ಹೊಸ ದೀಪ ಕಳಿಸಿದ್ದೀನಿ. ಈ ಸಲ ಅದಕ್ಕೆ ಒಂದೇ ವೈರು :-)

ನಿಮ್ಮಲ್ಲಿ ಯಾರಾದ್ರೂ ಇಂಥ ಎಡವಟ್ಟು ಮಾಡ್ಕೊಂಡಿದ್ರೆ ಹೇಳಿ. ನಾನೊಬ್ಬನೇ ಅಲ್ಲ ಅನ್ನೋ ಸಮಾಧಾನವಾದ್ರೂ ಸಿಗಲಿ!